ಕಡಲಡಿಯ ಐಷಾರಾಮಿ ಹೋಟೆಲ್ ವಿನ್ಯಾಸ: ಮೊದಲು ಏನು, ಆಮೇಲೆ ಏನು

ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಕಡಲಡಿಯ ಹೋಟೆಲ್ ಮತ್ತೆ ಮತ್ತೆ ಬರುತ್ತದೆ. ಪಾರದರ್ಶಕ ಗುಮ್ಮಟ, ಅದರ ಕೆಳಗೆ ಬಿಳಿ ಹಾಸಿಗೆ, ಮೇಲೆ ಈಜುವ ತಿಮಿಂಗಿಲ: ಚಿತ್ರ ಚೆನ್ನಾಗಿಯೇ ಇರುತ್ತದೆ. ಹಾಳೆ ತಿರುವಿ ನೋಡಿದರೆ ಈ ಕೊಠಡಿ ಏಕೆ ಮೇಲಕ್ಕೆ ತೇಲಿ ಹೋಗುವುದಿಲ್ಲ ಎಂಬುದಕ್ಕೆ ಒಂದು ಸಾಲಿನ ಲೆಕ್ಕವೂ ಇರುವುದಿಲ್ಲ. ತಪ್ಪು ಬಹುತೇಕ ಒಂದೇ: ಕೊಠಡಿಯಿಂದ ಆರಂಭಿಸಿ ಕಡಲಿನ ಕಡೆಗೆ ಹೋಗುವುದು. ಈ ಮಾರ್ಗದರ್ಶಿ ಕಡಲಿನಿಂದ ಆರಂಭಿಸುತ್ತದೆ. ಹಾಸಿಗೆ, ಪರದೆ, ದೀಪಗಳ ಮಾತು ಹನ್ನೊಂದನೇ ಹಂತದಲ್ಲಿ ಬರುತ್ತದೆ. ಅದಕ್ಕೆ ಮೊದಲು ಆ ಪುಟವನ್ನು ತೆರೆಯಬೇಡಿ.

ಉದಾಹರಣೆಗಾಗಿ ಮಾಲ್ದೀವ್ಸ್ ಮಾದರಿಯ ಹವಳದ ಲಗೂನ್‌ನಲ್ಲಿ (ಹವಳ ದಿಬ್ಬದ ಮರೆಯಲ್ಲಿರುವ ಆಳವಿಲ್ಲದ ಶಾಂತ ನೀರು) ಹನ್ನೆರಡು ಕೊಠಡಿಗಳ ಹೋಟೆಲ್ ಒಂದನ್ನು ಇಟ್ಟುಕೊಳ್ಳೋಣ. ಪ್ರತಿ ಕೊಠಡಿಯ ಹೊರ ಅಳತೆ 12 ಮೀಟರ್ ಉದ್ದ, 5 ಮೀಟರ್ ಅಗಲ, 4 ಮೀಟರ್ ಎತ್ತರ.

## ಕೆಲಸಕ್ಕೆ ಮೊದಲು ಕೈಯಲ್ಲಿರಬೇಕಾದವು

ಸಮುದ್ರತಳದ ಆಳ ತೋರಿಸುವ ನಕ್ಷೆ, ಆ ಜಾಗದ ಉಬ್ಬರ-ಇಳಿತದ ಕೋಷ್ಟಕ, ಕನಿಷ್ಠ ಒಂದು ವರ್ಷದ ಅಲೆ ಮತ್ತು ಪ್ರವಾಹದ ದಾಖಲೆ, ತಳದ ಮಣ್ಣಿನ ಬೋರ್‌ಹೋಲ್ ವರದಿ. ನೀರಿನ ತಿಳಿತನ ಅಳೆಯಲು ಹಗ್ಗಕ್ಕೆ ಕಟ್ಟಿ ಇಳಿಸುವ ಬಿಳಿಯ ಸೆಕಿ ತಟ್ಟೆ ಸಾಕು. ತಟ್ಟೆ ಕಣ್ಮರೆಯಾಗುವ ಆಳವನ್ನು ಎಲ್ಲ ತಿಂಗಳುಗಳಲ್ಲೂ ಬರೆದಿಡಬೇಕು.

ಜನರ ಪೈಕಿ ಸಾಗರ ರಚನೆಗಳ ಎಂಜಿನಿಯರ್ ಮೊದಲ ದಿನದಿಂದ ಬೇಕು. ಜೊತೆಗೆ ಡಿಎನ್‌ವಿ, ಲಾಯ್ಡ್ಸ್ ರಿಜಿಸ್ಟರ್ ಅಥವಾ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ವರ್ಗೀಕರಣ ಸಂಸ್ಥೆಯೊಂದನ್ನು (ಹಡಗು, ಸಾಗರ ರಚನೆಗಳ ವಿನ್ಯಾಸ ಪರಿಶೀಲಿಸಿ ಪ್ರಮಾಣಪತ್ರ ಕೊಡುವಂಥದ್ದು) ಆರಂಭದಲ್ಲೇ ಮಾತನಾಡಿಸಿ. 2023ರ ಜೂನ್‌ನಲ್ಲಿ ಐವರೊಂದಿಗೆ ಒಳಕುಸಿದ ಟೈಟನ್ ಜಲಾಂತರ ನೌಕೆಗೆ ಇಂಥ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ. ಅದು ಇಳಿದ ಆಳಕ್ಕೂ ನಮ್ಮ ಐದಾರು ಮೀಟರ್‌ಗೂ ಹೋಲಿಕೆಯಿಲ್ಲ, ನಿಜ. ಆದರೆ ಹೊರಗಿನವರು ಲೆಕ್ಕ ನೋಡಲೇಬೇಕೆಂಬ ನಿಯಮ ಎರಡಕ್ಕೂ ಒಂದೇ.

## ಹಂತ 1: ಯಾವ ಬಗೆಯ ಹೋಟೆಲ್ ಎಂದು ನಿರ್ಧರಿಸಿ

ಈಗ ಜಗತ್ತಿನಲ್ಲಿರುವವನ್ನು ನೋಡಿದರೆ ಬಗೆಗಳು ನಾಲ್ಕೇ.

ತಳಕ್ಕೆ ಬಿಗಿದು, ಒಳಗೆ ಸಾಮಾನ್ಯ ಗಾಳಿಯ ಒತ್ತಡವನ್ನೇ ಇಟ್ಟು, ಮೇಲಿನಿಂದ ಮೆಟ್ಟಿಲಿಳಿದು ಹೋಗುವಂಥದ್ದು ಮೊದಲನೆಯದು. ಮಾಲ್ದೀವ್ಸ್‌ನ ರಂಗಾಲಿ ದ್ವೀಪದ ಇಥಾ ರೆಸ್ಟೋರೆಂಟ್ (2005), ಅದೇ ದ್ವೀಪದ ಮುರಾಕಾ ವಿಲ್ಲಾ (2018), ನಾರ್ವೆಯ ಲಿಂಡೆಸ್ನೆಸ್‌ನ ಅಂಡರ್ ರೆಸ್ಟೋರೆಂಟ್ (2019) ಈ ಸಾಲಿನವು. ತೇಲುವ ಮನೆಗೆ ನೀರೊಳಗಿನ ಕೊಠಡಿ ಜೋಡಿಸಿ ಲಂಗರು ಹಾಕುವುದು ಎರಡನೆಯದು. ಸ್ವೀಡನ್‌ನ ಉಟ್ಟರ್ ಇನ್, ಟಾಂಜಾನಿಯಾದ ಪೆಂಬಾ ದ್ವೀಪದ ಮಾಂಟಾ ರಿಸಾರ್ಟ್‌ನ ಕೊಠಡಿ ಹೀಗಿವೆ. ಮೂರನೆಯದರಲ್ಲಿ ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮ, ತಳದಲ್ಲಿ ತೆರೆದ ಬಾಯಿ. ಫ್ಲೋರಿಡಾದ ಕೀ ಲಾರ್ಗೋದಲ್ಲಿ 1986ರಿಂದ ಇರುವ ಜೂಲ್ಸ್ ಅಂಡರ್‌ಸೀ ಲಾಡ್ಜ್‌ಗೆ ಅತಿಥಿಗಳು ಸ್ಕೂಬಾ ಧರಿಸಿ ಮುಳುಗಿಯೇ ಹೋಗಬೇಕು. ಅಲ್ಲಿ ರಾತ್ರಿ ಕಳೆದವರು ಮುಂದಿನ 24 ಗಂಟೆ ವಿಮಾನ ಹತ್ತುವಂತಿಲ್ಲ. ನಾಲ್ಕನೆಯದು ದುಬೈನ ಅಟ್ಲಾಂಟಿಸ್‌ನಂತೆ ಕೊಠಡಿಯ ಪಕ್ಕಕ್ಕೆ ದೊಡ್ಡ ಮತ್ಸ್ಯಾಗಾರ ಕಟ್ಟುವುದು. ಅದು ಹಣ ತರುತ್ತದೆ, ಆದರೆ ಕಡಲಲ್ಲ.

ಐಷಾರಾಮಿ ಎಂದರೆ ಅಜ್ಜಿಯೂ ಮೊಮ್ಮಗುವೂ ಸೀರೆ-ಫ್ರಾಕಿನಲ್ಲೇ ಇಳಿದು ಹೋಗುವಂತಿರಬೇಕು. ಆದ್ದರಿಂದ ಇಲ್ಲಿ ಮೊದಲ ಬಗೆಯನ್ನೇ ಹಿಡಿಯುತ್ತೇನೆ. ಒಂದೇ ಕೊಠಡಿಯ ಯೋಜನೆಯಾದರೆ ಎರಡನೆಯದು ಅಗ್ಗ ಮತ್ತು ಜಾಣತನ.

ಎಚ್ಚರಿಕೆಯ ಚಿಹ್ನೆ: ಮೊದಲ ಸಭೆಯಲ್ಲೇ ಯಾರಾದರೂ ಇನ್ನೂರು ಕೊಠಡಿ ಎಂದರೆ ಪೆನ್ನು ಕೆಳಗಿಡಿ. ದುಬೈನಲ್ಲಿ ಘೋಷಣೆಯಾದ ಹೈಡ್ರೊಪೊಲಿಸ್‌ಗೆ ಸುಮಾರು ಅಷ್ಟೇ ಕೊಠಡಿಗಳ ಕನಸಿತ್ತು. ಅದು ಕಟ್ಟಲ್ಪಡಲೇ ಇಲ್ಲ. ಫಿಜಿಯ ಪೊಸೈಡನ್ ರಿಸಾರ್ಟ್ ಕೂಡ ಬಾಗಿಲು ತೆರೆಯಲಿಲ್ಲ.

## ಹಂತ 2: ಜಾಗ

ತಿಳಿನೀರು, ಕಡಿಮೆ ಉಬ್ಬರ-ಇಳಿತ, ಅಲೆಗಳಿಗೆ ಮರೆ. ಈ ಮೂರೂ ಒಟ್ಟಿಗೆ ಸಿಗುವ ಜಾಗಗಳು ಕಡಿಮೆ. ಮಾಲ್ದೀವ್ಸ್‌ನ ಹವಳ ದಂಡೆಗಳ ಒಳಗಿನ ಲಗೂನ್‌ಗಳಲ್ಲಿ ಸಿಗುತ್ತವೆ. ಏರಿಳಿತ ಅಲ್ಲಿ ಸುಮಾರು ಒಂದು ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಾದರೆ ಎಂಟು-ಹತ್ತು ಮೀಟರ್: ಬೆಳಿಗ್ಗೆ ನೀರೊಳಗಿದ್ದ ಕೊಠಡಿ ಮಧ್ಯಾಹ್ನ ಕೆಸರಿನ ಮೇಲೆ ಕೂತಿರುತ್ತದೆ.

ಅಲೆಯ ಬಗ್ಗೆ ಒಂದು ಭ್ರಮೆ ಎಲ್ಲರಲ್ಲೂ ಇದೆ: ನೀರೊಳಗೆ ಇಳಿದರೆ ಅಲೆ ತಟ್ಟುವುದಿಲ್ಲ ಎಂದು. ಅಲೆಯ ಚಲನೆ ಅಡಗುವುದು ಅದರ ಉದ್ದದ ಅರ್ಧದಷ್ಟು ಆಳದಲ್ಲಿ. ಎಂಟು ಸೆಕೆಂಡಿಗೊಮ್ಮೆ ಬರುವ ಸಾಧಾರಣ ಅಲೆಯ ಉದ್ದ ಆಳನೀರಿನಲ್ಲಿ ಸುಮಾರು 100 ಮೀಟರ್. ಅಂದರೆ 50 ಮೀಟರ್ ಆಳದವರೆಗೂ ಅದರ ಕೈ ಚಾಚುತ್ತದೆ. ಐದು ಮೀಟರ್‌ನಲ್ಲಿ ಕೂತ ನಿಮ್ಮ ಕೊಠಡಿಗೆ ಪೆಟ್ಟಿನ ಬಹುಪಾಲು ಬೀಳುತ್ತದೆ. ಹವಳ ದಿಬ್ಬದ ಮರೆ ಬೇಕಾಗುವುದು ಇದಕ್ಕೇ.

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸ್ಕೂಬಾಕ್ಕೆ ಹೋದವರಿಗೆ ಗೊತ್ತಿರುವಂತೆ ಅಲ್ಲಿನ ಋತು ಮಳೆಗಾಲಕ್ಕೆ ಮುಚ್ಚುತ್ತದೆ. ತೆರೆದ ಅರಬ್ಬಿ ಕಡಲಿನ ಮುಂಗಾರು ಅಲೆ, ನದಿಗಳು ತರುವ ಕೆಂಪು ನೀರು. ನಾಲ್ಕು ತಿಂಗಳು ಅತಿಥಿ ಕಿಟಕಿಯಲ್ಲಿ ನೋಡುವುದು ಚಹಾದ ಬಣ್ಣವನ್ನು. ಭಾರತದಲ್ಲಿ ಭೂಗೋಳ ಒಪ್ಪುವುದು ಲಕ್ಷದ್ವೀಪದ ಲಗೂನ್‌ಗಳಲ್ಲಿ. ಆದರೆ ಹವಳ ದಿಬ್ಬಗಳು ಕರಾವಳಿ ನಿಯಂತ್ರಣ ನಿಯಮಗಳಲ್ಲಿ ಅತಿ ಸೂಕ್ಷ್ಮ ವಲಯ, ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಪೈಲ್ (ತಳದೊಳಗೆ ಆಳವಾಗಿ ಹೂಳುವ ಆಧಾರ ಕಂಬ) ಇಳಿಸುವ ಜಾಗದಲ್ಲಿ ಜೀವಂತ ಹವಳವಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಹವಳವನ್ನು ಕಿತ್ತು ಬೇರೆಡೆ ನೆಡುತ್ತೇವೆ ಎಂಬ ವಾಕ್ಯದಿಂದ ಯೋಜನೆ ಗಟ್ಟಿಯಾಗುವುದಿಲ್ಲ, ಅನುಮಾನ ಹೆಚ್ಚುತ್ತದೆ.

## ಹಂತ 3: ಆಳ

ಹೆಚ್ಚು ಆಳ ಎಂದರೆ ಹೆಚ್ಚು ಐಷಾರಾಮ ಎಂಬ ಲೆಕ್ಕ ತಪ್ಪು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಮೀಟರ್ ದಾಟುವ ಹೊತ್ತಿಗೆ ಹವಳ, ಮೀನು ಎಲ್ಲವೂ ನೀಲಿ-ಹಸಿರಿಗೆ ತಿರುಗಿರುತ್ತವೆ. ಇಥಾ, ಮುರಾಕಾ, ಅಂಡರ್ ಮೂರೂ ಐದು ಮೀಟರ್ ಆಸುಪಾಸಿನಲ್ಲೇ ನಿಂತಿರುವುದು ಆಕಸ್ಮಿಕವಲ್ಲ.

ನಮ್ಮ ಕೊಠಡಿಯ ನೆಲವನ್ನು ಕನಿಷ್ಠ ಇಳಿತದ ಮಟ್ಟದಿಂದ 6 ಮೀಟರ್ ಕೆಳಗೆ ಇಡೋಣ. ಆಗ ಚಾವಣಿಯ ಮೇಲೆ 2 ಮೀಟರ್ ನೀರಿರುತ್ತದೆ. ಒತ್ತಡ ಲೆಕ್ಕ ಹಾಕುವಾಗ ಈ 6ನ್ನು ಬಳಸಿದರೆ ತಪ್ಪಾಯಿತು. ಉಬ್ಬರಕ್ಕೆ ಒಂದು ಮೀಟರ್, ಅಲೆಗೆ ಇನ್ನೊಂದು ಸೇರಿಸಿ 8 ಮೀಟರ್ ಹಿಡಿಯಿರಿ. ಪ್ರತಿ ಚದರ ಮೀಟರಿಗೆ ಸುಮಾರು 8 ಟನ್ ಭಾರ ಬರುತ್ತದೆ. ನೆಲದ ಮಟ್ಟದಲ್ಲಿರುವ 6 ಚದರ ಮೀಟರ್ ಕಿಟಕಿಯೊಂದರ ಮೇಲೆ 50 ಟನ್ ಹತ್ತಿರ.

## ಹಂತ 4: ಮುಳುಗಿಸುವ ಲೆಕ್ಕ

ಬಹುತೇಕ ಪ್ರಾಜೆಕ್ಟ್‌ಗಳು ಸಾಯುವುದು ಇಲ್ಲಿ. ಖಾಲಿ ಕೊಡವನ್ನು ಬಾವಿ ನೀರಿಗೆ ಬೋರಲಾಗಿ ಒತ್ತಿ ಹಿಡಿದವರಿಗೆ ಇದರ ಅಂದಾಜು ಕೈಯಲ್ಲೇ ಇರುತ್ತದೆ.

ಸಮುದ್ರದ ನೀರು ಘನ ಮೀಟರಿಗೆ 1,025 ಕಿಲೊ ತೂಗುತ್ತದೆ. ನಮ್ಮ ಕೊಠಡಿಯ ಹೊರ ಗಾತ್ರ 240 ಘನ ಮೀಟರ್. ಅದನ್ನು ನೀರು ಮೇಲಕ್ಕೆ ದೂಡುವ ಬಲ 246 ಟನ್. ಉಕ್ಕು, ಅಕ್ರಿಲಿಕ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್), ಯಂತ್ರ ಎಲ್ಲ ಸೇರಿ ಕೊಠಡಿಯ ತೂಕ 150 ಟನ್ ಎಂದುಕೊಂಡರೆ ಉಳಿದ 96 ಟನ್ ಅದನ್ನು ಹಗಲೂ ರಾತ್ರಿ ಮೇಲೆತ್ತುತ್ತಿರುತ್ತದೆ. ಹನ್ನೆರಡು ಕೊಠಡಿಗೆ 1,152 ಟನ್.

ಸಮ ಮಾಡಿದರೆ ಸಾಲದು, ಮೇಲುಗೈ ನಮ್ಮದಾಗಿರಬೇಕು. ಶೇ 15ರಷ್ಟು ಹೆಚ್ಚು ಹಿಡಿದರೆ ಒಟ್ಟು 283 ಟನ್ ಬೇಕು; ಅಂದರೆ ಪ್ರತಿ ಕೊಠಡಿಗೆ 133 ಟನ್ ಹೆಚ್ಚುವರಿ ಭಾರ. ಈ ಭಾರವನ್ನು ಎಲ್ಲಿಡುತ್ತೀರಿ ಎಂಬುದೇ ಮುಂದಿನ ಬಲೆ. ಕೊಠಡಿಯ ಒಳಗೆ, ನೆಲದಡಿಯ ಕೋಶಗಳಲ್ಲಿ ಇಟ್ಟರೆ 133 ಟನ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಹೊರಗೆ ಕಾಂಕ್ರೀಟ್ ದಿಮ್ಮಿಗಳಾಗಿ ಜೋಡಿಸಿದರೆ ಆ ಕಾಂಕ್ರೀಟನ್ನೂ ನೀರು ಎತ್ತುತ್ತದೆ. ಅದರ ತೂಕದಲ್ಲಿ ಶೇ 57ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಹೊರಗಿಡುವುದಾದರೆ 133ರ ಬದಲು ಸುಮಾರು 232 ಟನ್ ಬೇಕು. ಈ ಎರಡನ್ನು ಬೆರೆಸಿ ಲೆಕ್ಕ ಹಾಕಿದ ನಕ್ಷೆಗಳು ಎಷ್ಟೋ. 175 ಟನ್ ತೂಕದ ಇಥಾವನ್ನು ಮುಳುಗಿಸಲು ಅದರೊಳಗೆ 85 ಟನ್ ಮರಳು ತುಂಬಬೇಕಾಯಿತು.

ತೂಕದ ಪಟ್ಟಿಯಲ್ಲಿ ಪೀಠೋಪಕರಣ, ಅತಿಥಿಗಳು, ಸ್ನಾನದ ತೊಟ್ಟಿಯ ನೀರು ಇವನ್ನು ಎಂದೂ ಸೇರಿಸಬೇಡಿ. ದುರಸ್ತಿಗಾಗಿ ಕೊಠಡಿ ಖಾಲಿ ಮಾಡಿದ ದಿನ ಅವು ಇರುವುದಿಲ್ಲ.

ಪೈಲ್‌ಗಳ ಮೇಲೆ ನಂಬಿಕೆಯಿಡುವವರಿಗೆ ಇನ್ನೊಂದು ಮಾತು. ನೆಲದ ಮೇಲಿನ ಕಟ್ಟಡದ ಪೈಲ್ ಭಾರ ಹೊರುತ್ತದೆ, ಇಲ್ಲಿನದು ಎಳೆತ ತಡೆಯುತ್ತದೆ. ಹವಳದ ಮರಳಿನ ಕಣಗಳು ಪೈಲ್ ಬಡಿಯುವಾಗ ಪುಡಿಯಾಗಿ ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸಾಮಾನ್ಯ ಮರಳಿನ ಸೂತ್ರ ಬಳಸಿದರೆ ಫಲಿತಾಂಶ ಅಪಾಯಕಾರಿಯಾಗಿ ಆಶಾದಾಯಕವಾಗಿರುತ್ತದೆ. ರಂಧ್ರ ಕೊರೆದು ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವ ಪೈಲ್ ಆಯ್ದುಕೊಳ್ಳಿ. ಸ್ಥಳದಲ್ಲೇ ಎಳೆದು ಪರೀಕ್ಷಿಸದೆ ಯಾವ ಸಂಖ್ಯೆಯನ್ನೂ ನಕ್ಷೆಗೆ ಬರೆಯಬೇಡಿ.

## ಹಂತ 5: ಪಾರದರ್ಶಕ ಗೋಡೆ

ಇದು ಗಾಜಲ್ಲ, ಅಕ್ರಿಲಿಕ್. ಗಾಜು ಭಾರ, ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಅಕ್ರಿಲಿಕ್ಕನ್ನು ಬಾಗಿಸಬಹುದು, ಹಾಳೆಗೆ ಹಾಳೆ ಬೆಸೆದು ದಪ್ಪ ಮಾಡಬಹುದು. ಇಥಾದ ಕಮಾನಿನ ದಪ್ಪ 125 ಮಿಲಿಮೀಟರ್.

ಆಕಾರ ಮೊದಲು ನಿಲ್ಲಲಿ. ಕಮಾನಿನ ಆಕಾರದಲ್ಲಿ ನೀರಿನ ಒತ್ತಡ ಹಾಳೆಯನ್ನು ಅದುಮುತ್ತದೆ, ಅದುಮುವುದನ್ನು ಅಕ್ರಿಲಿಕ್ ಸಹಿಸುತ್ತದೆ. ಚಪ್ಪಟೆ ಹಾಳೆ ಬಾಗುತ್ತದೆ, ಆದ್ದರಿಂದ ಹೆಚ್ಚು ದಪ್ಪ ಬೇಕು. ನೋಟವೂ ಬೇರೆ: ಚಪ್ಪಟೆ ಹಾಳೆಯಲ್ಲಿ ಮೀನು ನಿಜಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ, ಕಮಾನಿನ ಒಳಗಿಂದ ನೋಡಿದರೆ ಚಿಕ್ಕದಾಗಿ. ಮಲಗುವ ಕೋಣೆಗೆ ಕಮಾನು, ಊಟದ ಮೇಜಿನ ಎದುರಿಗೆ ಒಂದು ಚಪ್ಪಟೆ ಕಿಟಕಿ ಎಂಬುದು ನನ್ನ ಆಯ್ಕೆ.

ದಪ್ಪ ನಿರ್ಧರಿಸುವಾಗ ಕಾಲವನ್ನು ಮರೆಯಬೇಡಿ. ನಿರಂತರ ಭಾರದಡಿ ಅಕ್ರಿಲಿಕ್ ನಿಧಾನವಾಗಿ ಹಿಗ್ಗಿ ಆಕಾರ ಬದಲಿಸುತ್ತದೆ. ಒಂದು ಗಂಟೆಯ ಪರೀಕ್ಷೆಯಲ್ಲಿ ತಡೆದ ಭಾರವನ್ನು ಇಪ್ಪತ್ತು ವರ್ಷ ತಡೆಯುವುದಿಲ್ಲ. ತಯಾರಕರ ಪಟ್ಟಿಯಲ್ಲಿನ ಗರಿಷ್ಠ ಬಲದ ಅಂಕಿಯನ್ನು ಎತ್ತಿಕೊಂಡು ಭಾಗಾಕಾರ ಮಾಡುವುದು ಈ ಹಂತದ ಅತಿ ಸಾಮಾನ್ಯ ತಪ್ಪು. ಮನುಷ್ಯರಿರುವ ಒತ್ತಡ ಕೋಶಗಳ ಕಿಟಕಿಗಳಿಗಾಗಿಯೇ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ ಎಎಸ್‌ಎಂಇ ರೂಪಿಸಿದ ಪಿವಿಎಚ್‌ಒ ಮಾನದಂಡವಿದೆ, ಅಲ್ಲಿಂದ ಆರಂಭಿಸಿ.

ಬಿಸಿಗೆ ಅಕ್ರಿಲಿಕ್ ಉಕ್ಕಿಗಿಂತ ಸುಮಾರು ಆರು ಪಟ್ಟು ಹಿಗ್ಗುತ್ತದೆ. ಮೂರು ಮೀಟರ್ ಹಾಳೆ 10 ಡಿಗ್ರಿ ವ್ಯತ್ಯಾಸಕ್ಕೆ 2 ಮಿಲಿಮೀಟರ್ ಚಲಿಸುತ್ತದೆ. ಬೋಲ್ಟ್ ಹಾಕಿ ಬಿಗಿದರೆ ರಂಧ್ರದ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಹಾಳೆಯನ್ನು ಚೌಕಟ್ಟಿನ ಹೊರಬದಿಯಲ್ಲಿ, ರಬ್ಬರ್ ಗ್ಯಾಸ್ಕೆಟ್ ಮೇಲೆ ಕೂರಿಸಿ. ನೀರೇ ಅದನ್ನು ಒತ್ತಿ ಮುಚ್ಚಲಿ.

2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್‌ನ ಹೋಟೆಲೊಂದರ ಅಂಗಳದಲ್ಲಿದ್ದ ಅಕ್ವಾಡೋಮ್ ಎಂಬ ಅಕ್ರಿಲಿಕ್ ಮತ್ಸ್ಯಾಗಾರ ಒಡೆದು ಹತ್ತು ಲಕ್ಷ ಲೀಟರ್ ನೀರು ಬೀದಿಗೆ ಹರಿಯಿತು. ತನಿಖೆ ಒಂದೇ ಕಾರಣಕ್ಕೆ ಬಂದು ನಿಲ್ಲಲಿಲ್ಲ. ಬೆಸುಗೆಯ ಸಾಲು, ತಳದ ತಟ್ಟೆ, ನವೀಕರಣದ ವೇಳೆ ಬಿದ್ದಿರಬಹುದಾದ ಕಚ್ಚು ಈ ಮೂರರ ಮೇಲೆ ಅನುಮಾನ ಉಳಿಯಿತು. ನಿಮ್ಮ ನಕ್ಷೆಯಲ್ಲಿ ಬೆಸುಗೆ ಸಾಲು ಹೆಚ್ಚು ಒತ್ತಡದ ಜಾಗದಲ್ಲಿ ಬರದಂತೆ ಎಳೆಯಿರಿ.

ಎಚ್ಚರಿಕೆಯ ಚಿಹ್ನೆಗಳು: ಓರೆ ಬೆಳಕಿನಲ್ಲಿ ಮಾತ್ರ ಮಿನುಗುವ ಕೂದಲೆಳೆಯಂಥ ಗೀರುಗಳ ಗುಂಪು, ಅಂಚಿನ ಬಳಿ ಹಾಲಿನಂಥ ಮಸುಕು, ಗ್ಯಾಸ್ಕೆಟ್ ಕೆಳಗೆ ಉಪ್ಪಿನ ಹುಡಿ. ಇವುಗಳಲ್ಲಿ ಒಂದು ಕಂಡರೂ ಅತಿಥಿಯನ್ನು ಮೇಲೆ ಕಳುಹಿಸಿ. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಸ್ಪಿರಿಟ್, ಅಸಿಟೋನ್ ಇವು ಅಕ್ರಿಲಿಕ್‌ಗೆ ವಿಷ. ಸ್ವಚ್ಛತಾ ಸಿಬ್ಬಂದಿಯ ಬಕೆಟ್‌ನಲ್ಲಿ ಏನಿದೆ ಎಂಬುದೂ ವಿನ್ಯಾಸದ ಭಾಗ.

## ಹಂತ 6: ಇಳಿಯುವ ದಾರಿ, ಪಾರಾಗುವ ದಾರಿ

ಪ್ರತಿ ಕೊಠಡಿಯಿಂದಲೂ ಪರಸ್ಪರ ವಿರುದ್ಧ ದಿಕ್ಕಿನ ಎರಡು ದಾರಿಗಳು. ಕೊಠಡಿಗೂ ಕೊಠಡಿಗಳನ್ನು ಜೋಡಿಸುವ ಸುರಂಗಕ್ಕೂ ನಡುವೆ ಜಲರೋಧಕ ಬಾಗಿಲು. ಸುರಂಗವನ್ನೂ ನಡುನಡುವೆ ಬಾಗಿಲುಗಳಿಂದ ತುಂಡರಿಸಿ. ಒಂದು ತುಂಡಿಗೆ ನೀರು ನುಗ್ಗಿದರೂ ಉಳಿದ ಹನ್ನೊಂದು ಕೊಠಡಿಯವರು ನಡೆದು ಮೇಲೆ ಬರುವಂತಿರಬೇಕು. ಒಂದೇ ಸುರುಳಿ ಮೆಟ್ಟಿಲು ಹದಿನಾಲ್ಕು ಆಸನದ ರೆಸ್ಟೋರೆಂಟ್‌ಗೆ ನಡೆದೀತು, ಮಲಗಿರುವ ಅತಿಥಿಗಳ ಹೋಟೆಲ್‌ಗೆ ನಡೆಯದು.

ಮೇಲಿನ ಪ್ರವೇಶದ ಹೊಸ್ತಿಲು ಎಷ್ಟು ಎತ್ತರ? 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಇಥಾ ನೀರಿಗಿಳಿದು ತಿಂಗಳು ಆಗಷ್ಟೇ ಕಳೆದಿತ್ತು. ಏರಿದ ನೀರು ಅದರ ಮೆಟ್ಟಿಲ ಬಾಯಿಗಿಂತ ಸುಮಾರು 30 ಸೆಂಟಿಮೀಟರ್ ಕೆಳಗೆ ನಿಂತಿತು. ಆ ಅಂತರ ನನಗಂತೂ ಸಾಲದು.

ಸೋರಿಕೆಯ ಲೆಕ್ಕವನ್ನೂ ಇಲ್ಲೇ ಮುಗಿಸಿ. ಆರು ಮೀಟರ್ ಆಳದಲ್ಲಿ 2 ಸೆಂಟಿಮೀಟರ್ ರಂಧ್ರವೊಂದರಿಂದ ಸೆಕೆಂಡಿಗೆ ಎರಡು ಲೀಟರ್ ನೀರು ಬರುತ್ತದೆ, ಗಂಟೆಗೆ ಏಳು ಸಾವಿರ ಲೀಟರ್ ದಾಟುತ್ತದೆ. ನೆಲದಡಿಯ ಸಂಪ್‌ಗೆ ಇದನ್ನು ಮೀರಿಸುವ ಎರಡು ಪಂಪ್‌ಗಳು ಬೇಕು, ಎರಡಕ್ಕೂ ಬೇರೆಬೇರೆ ವಿದ್ಯುತ್ ಮೂಲ.

## ಹಂತ 7: ಗಾಳಿ ಮತ್ತು ಹೊಗೆ

ಗಾಳಿ ಮುಗಿದು ಉಸಿರುಗಟ್ಟುತ್ತದೆ ಎಂಬ ಭಯವೇ ಎಲ್ಲರಿಗೂ. ಲೆಕ್ಕ ಹಾಕಿ ನೋಡಿ. ವಿಶ್ರಾಂತಿಯಲ್ಲಿರುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಕೊಠಡಿಯ ಒಳಗಾತ್ರ 160 ಘನ ಮೀಟರ್ ಎಂದರೆ ಇಬ್ಬರಿದ್ದಾಗ ಅದರ ಪ್ರಮಾಣ ಗಂಟೆಗೆ ಹತ್ತು ಲಕ್ಷಕ್ಕೆ 225 ಭಾಗದಂತೆ ಏರುತ್ತದೆ. ಫ್ಯಾನ್ ನಿಂತರೆ ಮೂರು ಗಂಟೆಯೊಳಗೆ ಗಾಳಿ ಹಳಸಿದಂತೆನಿಸುವ 1,000ಕ್ಕೆ ಮುಟ್ಟುತ್ತದೆ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಮಿತಿಯೆನಿಸಿದ 5,000 ಮುಟ್ಟಲು ಇಪ್ಪತ್ತು ಗಂಟೆ ಬೇಕು. ಹೊರಬರಲು ಧಾರಾಳ ಸಮಯವಿದೆ.

ಹೊಗೆ ಮಾತ್ರ ನಿಮಿಷಗಳಲ್ಲಿ ತುಂಬುತ್ತದೆ, ಕಿಟಕಿ ತೆರೆಯುವಂತಿಲ್ಲ. ಆದ್ದರಿಂದ ಅಡುಗೆ ಮೇಲೆಯೇ. ಕೆಳಗೆ ಮೇಣದ ಬತ್ತಿ, ಊದುಬತ್ತಿ, ಸಿಗರೇಟು ಯಾವುದೂ ಬೇಡ. ಸೋಫಾದ ಸ್ಪಂಜು, ಪರದೆ, ಜಮಖಾನ ಸುಟ್ಟರೆ ಯಾವ ಹೊಗೆ ಬರುತ್ತದೆ ಎಂಬ ಪ್ರಮಾಣಪತ್ರ ಕೇಳಿ. ಮೆಟ್ಟಿಲ ಬಾವಿಯೊಳಗೆ ಗಾಳಿಯ ಒತ್ತಡ ಸ್ವಲ್ಪ ಹೆಚ್ಚಿಟ್ಟರೆ ಹೊಗೆ ಅತ್ತ ನುಗ್ಗುವುದಿಲ್ಲ.

ತೇವದ ಸಮಸ್ಯೆ ಜಾಗದೊಂದಿಗೆ ಬದಲಾಗುತ್ತದೆ. ನಾರ್ವೆಯ ತಣ್ಣೀರಿನಲ್ಲಿ ಗೋಡೆಯೇ ಬೆವರುತ್ತದೆ. ಮಾಲ್ದೀವ್ಸ್‌ನಲ್ಲಿ 28 ಡಿಗ್ರಿಯ ನೀರು ಗೋಡೆಯನ್ನು ಬೆಚ್ಚಗಿಡುತ್ತದೆ. ಅಲ್ಲಿ ಬೆವರುವುದು ಮೇಲಿನಿಂದ ಎಳೆದ ಹಸಿಗಾಳಿ ಹಾಯುವ ತಣ್ಣನೆಯ ಕೊಳವೆಗಳು. ಗಾಳಿಯನ್ನು ಮೇಲೆಯೇ ಒಣಗಿಸಿ ಕೆಳಕ್ಕೆ ಬಿಡಿ. ಹಾಸಿಗೆಯಲ್ಲಿ ಮುಗ್ಗಲು ವಾಸನೆ ಬಂದರೆ ಒಣಗಿಸುವ ಯಂತ್ರ ಸೋತಿದೆ ಎಂದರ್ಥ.

## ಹಂತ 8: ಕೊಳಚೆ

ಎಲ್ಲವೂ ಮೇಲಕ್ಕೆ ಹತ್ತಬೇಕು. ವಿಮಾನಗಳಲ್ಲಿರುವಂಥ ನಿರ್ವಾತ ಶೌಚಾಲಯ ಹಾಕಿ, ದ್ವೀಪದ ಶುದ್ಧೀಕರಣ ಘಟಕಕ್ಕೆ ಸೇರಿಸಿ. ಒಂದು ತೊಟ್ಟೂ ಲಗೂನ್‌ಗೆ ಬಿಡುವಂತಿಲ್ಲ. ಗೊಬ್ಬರದ ಅಂಶ ಸೇರಿದರೆ ಪಾಚಿ ಹಬ್ಬಿ ನೀವು ಮಾರುತ್ತಿರುವ ನೋಟವೇ ಹಾಳಾಗುತ್ತದೆ.

## ಹಂತ 9: ತುಕ್ಕು

ಸ್ಟೇನ್‌ಲೆಸ್ ಎಂಬ ಹೆಸರನ್ನು ನಂಬಿ ಮೋಸಹೋಗಬೇಡಿ. ಅಡುಗೆಮನೆಗೆ ಒಪ್ಪುವ ಉಕ್ಕಿರಲಿ, ಹಡಗಿನ ಕಟಕಟೆಗೆ ಬಳಸುವ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಕೂಡ ಬೆಚ್ಚನೆಯ ಉಪ್ಪುನೀರಿನೊಳಗೆ ಗ್ಯಾಸ್ಕೆಟ್ ಸಂದುಗಳಲ್ಲಿ ಗುಂಡಿ ಗುಂಡಿಯಾಗಿ ಕೊರೆದುಹೋಗುತ್ತದೆ. ಸಾಧಾರಣ ಉಕ್ಕಿಗೆ ಒಳ್ಳೆಯ ಲೇಪನ ಕೊಟ್ಟು, ಅದರ ಬದಲಿಗೆ ತಾನು ಸವೆಯುವ ಸತು ಅಥವಾ ಅಲ್ಯೂಮಿನಿಯಂ ಗಟ್ಟಿಗಳನ್ನು ಕಟ್ಟುವುದೇ ನಂಬುವಂಥ ದಾರಿ. ಹೆಚ್ಚು ತಿನ್ನುವುದು ಆಳದ ಭಾಗವನ್ನಲ್ಲ, ಅಲೆ ಎರಚಿ ಒಣಗುವ ಮೇಲಿನ ಪಟ್ಟಿಯನ್ನು. ಅಲ್ಲಿ ಉಕ್ಕಿನ ದಪ್ಪ ಹೆಚ್ಚಿಸಿ, ಕಣ್ಣಿಗೆ ಕಾಣುವಂತೆ ಬಿಡಿ. ಮೆಟ್ಟಿಲ ಬಾವಿಗೆ ಮರದ ಅಲಂಕಾರ ಹೊದಿಸಿ ತುಕ್ಕನ್ನು ಮುಚ್ಚುವ ನಕ್ಷೆಯನ್ನು ಒಪ್ಪಬೇಡಿ.

## ಹಂತ 10: ದಡದಲ್ಲಿ ಕಟ್ಟಿ, ತಂದು ಮುಳುಗಿಸಿ

ನೀರೊಳಗೆ ಕಟ್ಟುವ ಕೆಲಸ ಆದಷ್ಟು ಕಡಿಮೆಯಿರಲಿ. ಇಥಾ, ಮುರಾಕಾ ಎರಡೂ ಸಿಂಗಪುರದಲ್ಲಿ ತಯಾರಾಗಿ ಹಡಗೇರಿ ಬಂದವು; ಮುರಾಕಾದ ತೂಕ ಸುಮಾರು 600 ಟನ್. ನಾರ್ವೆಯ ಅಂಡರ್‌ನ ಕಾಂಕ್ರೀಟ್ ಕೊಳವೆಯನ್ನು ದಡದ ಪಕ್ಕ ಬಾರ್ಜ್ (ಚಪ್ಪಟೆ ತಳದ ಸಾಗಣೆ ದೋಣಿ) ಮೇಲೆ ಕಟ್ಟಿ, ನೀರು ತುಂಬಿ ಇಳಿಸಿ, ಬಂಡೆಗೆ ಬಿಗಿದರು. ಹಾಗಾಗಿ ಕೊಠಡಿಯ ಅಳತೆ ನಿರ್ಧರಿಸುವುದು ಅತಿಥಿಯ ಆಸೆಯಲ್ಲ, ನಿಮಗೆ ಸಿಗುವ ಕ್ರೇನ್ ಮತ್ತು ಬಾರ್ಜ್. ಬಾಡಿಗೆಗೆ ಸಿಗುವ ಕ್ರೇನ್ ಎಷ್ಟು ಟನ್ ಎತ್ತುತ್ತದೆ, ಲಗೂನ್‌ನ ಬಾಯಿ ಎಷ್ಟು ಆಳವಿದೆ ಎಂದು ತಿಳಿಯದೆ ಹನ್ನೆರಡು ಮೀಟರ್ ಉದ್ದ ಎಂದು ಗೆರೆ ಎಳೆಯುವುದು ಜೂಜು.

ಮುಳುಗಿಸುವ ಕ್ರಮ ಹೀಗಿರಲಿ. ದಡದಲ್ಲೇ ಕೊಠಡಿ ಮುಚ್ಚಿ ಒಳಗೆ ಗಾಳಿ ತುಂಬಿ ಸೋರಿಕೆ ಪರೀಕ್ಷಿಸಿ. ಆಮೇಲೆ ಪೈಲ್‌ಗಳನ್ನು ಕೊರೆದು, ತುದಿಗಳ ಸ್ಥಾನ ಮತ್ತೆ ಅಳೆದು, ಆ ಅಳತೆಗೆ ಕೊಠಡಿಯ ಕಾಲುಗಳನ್ನು ಸರಿಪಡಿಸಿ. ಹವಾಮಾನದ ಶಾಂತ ದಿನಗಳಿಗೆ ಕಾಯಿರಿ. ಭಾರವನ್ನು ಸಣ್ಣ ಕೋಶಗಳಲ್ಲಿ ಒಂದೊಂದಾಗಿ ತುಂಬಿ. ಒಂದೇ ದೊಡ್ಡ ತೊಟ್ಟಿಗೆ ನೀರು ಬಿಟ್ಟರೆ ಅದು ಒಂದು ಬದಿಗೆ ಓಡಿ ಇಡೀ ಕೊಠಡಿಯನ್ನು ಮಗುಚುತ್ತದೆ. ಚಾವಣಿ ನೀರಿನಡಿ ಹೋಗುವ ಕ್ಷಣವೇ ಅತಿ ಅಪಾಯದ್ದು, ತೇಲುವ ವಸ್ತುವಿಗಿದ್ದ ಸ್ಥಿರತೆ ಅಲ್ಲಿಗೆ ಮುಗಿಯುತ್ತದೆ. ಆ ಹೊತ್ತಿಗೆ ಭಾರದ ಕೇಂದ್ರವು ತೇಲುವಿಕೆಯ ಕೇಂದ್ರಕ್ಕಿಂತ ಕೆಳಗೆ ಬಂದಿರಲೇಬೇಕು.

ಒಂದು ಕೊಠಡಿ ಕೂರಿಸಿ, ಒಂದು ಮಳೆಗಾಲ ನೋಡಿ, ಆಮೇಲೆ ಎರಡನೆಯದಕ್ಕೆ ಆದೇಶ ಕೊಡಿ. ಹೂಡಿಕೆದಾರರಿಗೆ ಇದು ಹಿಡಿಸುವುದಿಲ್ಲ.

## ಹಂತ 11: ಈಗ ಹಾಸಿಗೆ

ರಾತ್ರಿ ಒಳಗೆ ದೀಪ ಹಚ್ಚಿದರೆ ಅಕ್ರಿಲಿಕ್ ಕನ್ನಡಿಯಾಗುತ್ತದೆ. ಒಳಗಿನ ಬೆಳಕು ನೆಲಮಟ್ಟದಲ್ಲಿ, ಮಂಕಾಗಿರಲಿ. ಹೊರಗಿನ ದೀಪಗಳನ್ನು ಕೆಲವು ಗಂಟೆಗಳಿಗಷ್ಟೇ ಸೀಮಿತಗೊಳಿಸಿ, ಹವಳದ ಜೀವಿಗಳಿಗೂ ರಾತ್ರಿ ಬೇಕು. ಪಂಪ್‌ಗಳ ಕೆಳಗೆ ರಬ್ಬರ್ ಹಾಸದಿದ್ದರೆ ಉಕ್ಕಿನ ಗೋಡೆಯಲ್ಲಿ ಗುಂಯ್ ಎನ್ನುವ ಸದ್ದು ತಲೆದಿಂಬಿನವರೆಗೂ ಬರುತ್ತದೆ. ಪರದೆ ಮರೆಯಬೇಡಿ: ಕಿಟಕಿ ತಿಕ್ಕಲು ಬರುವ ಮುಳುಗುಗಾರರಿಗೆ ಒಳಗಿನದೆಲ್ಲ ಕಾಣುತ್ತದೆ.

## ಹಂತ 12: ನಡೆಸುವ ಮತ್ತು ಕಿತ್ತು ತೆಗೆಯುವ ಯೋಜನೆ

ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಹಾಳೆಯ ಮೇಲೆ ಪಾಚಿ ಪೊರೆಗಟ್ಟುತ್ತದೆ, ಬಿಟ್ಟರೆ ಚಿಪ್ಪುಗಳು ಕೂರುತ್ತವೆ. ಮುಳುಗುಗಾರರು ಮೃದು ಸ್ಪಂಜಿನಿಂದ ನಿಯಮಿತವಾಗಿ ಉಜ್ಜಬೇಕು, ಅವರಿಗೆ ಹಿಡಿದುಕೊಳ್ಳಲು ಹೊರಗೆ ಕಂಬಿಗಳನ್ನು ಈಗಲೇ ನಕ್ಷೆಯಲ್ಲಿ ತೋರಿಸಿ. ಹೊಳಪು ಕೆಟ್ಟ ಹಾಳೆಯನ್ನು ನೀರೊಳಗೇ ಬದಲಿಸುವುದು ಹೇಗೆ, ಆ ವಾರ ಯಾವ ಕೊಠಡಿಗಳು ಮುಚ್ಚಿರುತ್ತವೆ ಎಂಬುದನ್ನೂ ಬರೆಯಿರಿ.

ಮುರಾಕಾದ ಒಂದೇ ವಿಲ್ಲಾಕ್ಕೆ ಸುಮಾರು 1.5 ಕೋಟಿ ಡಾಲರ್ ಖರ್ಚಾಗಿತ್ತು. ಆರಂಭದಲ್ಲಿ ಒಂದು ರಾತ್ರಿಗೆ 50 ಸಾವಿರ ಡಾಲರ್ ದರ ಹೇಳಿದ್ದು ಅದಕ್ಕೇ. ಇಥಾವನ್ನು ವಿನ್ಯಾಸಗೊಳಿಸಿದ್ದು ಇಪ್ಪತ್ತು ವರ್ಷದ ಆಯುಷ್ಯಕ್ಕೆ. ನಿಮ್ಮ ಆದಾಯದ ಕೋಷ್ಟಕದಲ್ಲೂ ಇಪ್ಪತ್ತೊಂದನೇ ವರ್ಷದ ಕಾಲಂ ಇರಲಿ: ಯಾವ ಕೋಶದಿಂದ ಮೊದಲು ಭಾರ ತೆಗೆಯಬೇಕು, ಪೈಲ್‌ಗಳನ್ನು ಎಲ್ಲಿ ಕತ್ತರಿಸಬೇಕು, ತೇಲಿ ಬಂದ ಕೊಠಡಿಯನ್ನು ಯಾವ ಬಂದರಿಗೆ ಎಳೆದೊಯ್ಯಬೇಕು, ಇದಕ್ಕೆಲ್ಲ ಯಾರ ಖಾತೆಯಲ್ಲಿ ಠೇವಣಿ ಇದೆ. ಅನುಮತಿ ಕೊಡುವ ಕಚೇರಿಗೆ ಅರ್ಜಿಯ ಜೊತೆ ಈ ಹಾಳೆಯನ್ನೂ ಲಗತ್ತಿಸಿ.